ಮಹಡಿ ಕೋಣೆಯಲ್ಲಿ ಒಂದು ತಿಂಗಳ ಮಗುವಿನ ಜಠರ: ಹಾಲಿನೊಳಗಿನ ಡಿಎನ್‌ಎ ಎಲ್ಲಿ ತುಂಡಾಗುತ್ತದೆ ಎಂದು ನೋಡಿದ ಕೆಲಸದ ದಾಖಲೆ

2024ರ ಜೂನ್ ಮೊದಲ ವಾರದಲ್ಲಿ ಕೈಗೆತ್ತಿಕೊಂಡ ಕೆಲಸ ಸೆಪ್ಟೆಂಬರ್ ಕೊನೆಗೆ ಒಂದು ಘಟ್ಟ ಮುಟ್ಟಿದೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ, ಥರ್ಮೊಕೋಲ್ ಪೆಟ್ಟಿಗೆ, ಆಸ್ಪತ್ರೆಯ ಡ್ರಿಪ್ ನಳಿಕೆ, ಎರಡು ಹಳೆಯ ಲ್ಯಾಪ್‌ಟಾಪ್ ಚಾರ್ಜರ್ ಮತ್ತು ಮಟನ್ ಅಂಗಡಿಯಿಂದ ತಂದ ಆಡಿನ ಗುಲ್ಮ, ಕರುಳುಗಳನ್ನು ಬಳಸಿ ಎಳೆಯ ಮಗುವಿನ ಜಠರ ಮತ್ತು ಸಣ್ಣಕರುಳಿನ ಒಂದು ಒರಟು ಮಾದರಿಯನ್ನು ಕಟ್ಟಿದ್ದೇನೆ. ಮೊದಲ ಎರಡು ತಿಂಗಳು ನನಗೆ ಸಿಕ್ಕ ಫಲಿತಾಂಶಗಳಲ್ಲಿ ಒಂದೂ ನಿಜವಾಗಿರಲಿಲ್ಲ. ಆ ತಪ್ಪುಗಳನ್ನು ಇದೇ ದಾರಿ ಹಿಡಿಯುವ ಇನ್ನೊಬ್ಬರು ಮತ್ತೆ ಮಾಡಬಾರದೆಂಬ ಕಾರಣಕ್ಕೆ ಅವನ್ನೇ ಹೆಚ್ಚು ವಿವರವಾಗಿ ಬರೆದಿದ್ದೇನೆ.

ಕೆಲಸ ಹುಟ್ಟಿದ್ದು ಒಂದು ಡಬ್ಬಿಯ ಲೇಬಲ್‌ನಿಂದ. ತಂಗಿ ಬಾಣಂತನಕ್ಕೆ ಬಂದಿದ್ದಾಗ ವೈದ್ಯರು ಕೆಲವು ದಿನ ಪುಡಿಹಾಲನ್ನೂ ಕೊಡಲು ಹೇಳಿದ್ದರು. ಆ ಡಬ್ಬಿಯ ಮೇಲೆ ಐದು ನ್ಯೂಕ್ಲಿಯೊಟೈಡ್‌ಗಳ (ಡಿಎನ್‌ಎ, ಆರ್‌ಎನ್‌ಎ ಸರಪಳಿಗಳ ಕೊಂಡಿಯಂಥ ಅಣುಗಳು) ಹೆಸರುಗಳಿದ್ದವು. ನಾನು ಪದವಿ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಹೇಳಿಕೊಡುವವಳು. ಡಬ್ಬಿಯನ್ನು ತರಗತಿಗೆ ಒಯ್ದಾಗ ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿನಿಯರು ಕೇಳಿದ ಪ್ರಶ್ನೆ ಸರಳವಾಗಿತ್ತು: ತಾಯಿಯ ಹಾಲಿನಲ್ಲಿ ಇವು ಬಿಡಿಬಿಡಿಯಾಗಿ ಇರುತ್ತವೆಯೇ, ಸರಪಳಿಯಾಗಿ ಇರುತ್ತವೆಯೇ, ಸರಪಳಿಯಾಗಿದ್ದರೆ ಮಗು ಅದನ್ನು ಎಲ್ಲಿ ಕತ್ತರಿಸುತ್ತದೆ? ಮೊದಲ ಭಾಗಕ್ಕೆ ಉತ್ತರ 1995ರಿಂದಲೇ ಇದೆ. ತಾಯಿಯ ಹಾಲಿನಲ್ಲಿ ದೇಹಕ್ಕೆ ಒದಗಬಲ್ಲ ನ್ಯೂಕ್ಲಿಯೊಟೈಡ್ ಅಂಶ ಒಟ್ಟಾರೆ ಲೀಟರಿಗೆ ಸುಮಾರು 72 ಮಿಲಿಗ್ರಾಂ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಸರಪಳಿಯ ರೂಪದಲ್ಲಿರುತ್ತದೆ. ಎರಡನೆಯ ಭಾಗಕ್ಕೆ ಪಠ್ಯಪುಸ್ತಕಗಳು ಸಣ್ಣಕರುಳನ್ನು ತೋರಿಸಿ ಮುಂದೆ ಹೋಗುತ್ತವೆ. ಆದರೆ 2015ರಲ್ಲಿ ಚೀನಾದ ಸಂಶೋಧಕರು, ಪ್ರೋಟೀನನ್ನು ಮಾತ್ರ ಕತ್ತರಿಸುತ್ತದೆಂದು ನಾವೆಲ್ಲ ಬಾಯಿಪಾಠ ಮಾಡಿದ ಪೆಪ್ಸಿನ್ ಕಿಣ್ವವು ಡಿಎನ್‌ಎಯನ್ನೂ ಕತ್ತರಿಸುತ್ತದೆ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ರ ಆಸುಪಾಸಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ ಎಂದು ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಹಾಲು ಕುಡಿದ ಮಗುವಿನ ಜಠರ ಅಷ್ಟು ಹುಳಿಯಾಗುತ್ತದೆಯೇ, ಆಗುವ ಹೊತ್ತಿಗೆ ಅಲ್ಲಿ ಹಾಲು ಉಳಿದಿರುತ್ತದೆಯೇ ಎಂಬುದನ್ನು ಕೈಯಾರೆ ನೋಡಬೇಕೆನ್ನಿಸಿತು. ಹಾಲು ಎಂದು ಇಲ್ಲಿ ಬರೆದಲ್ಲೆಲ್ಲ ಪುಡಿಹಾಲು ಅಥವಾ ಡೇರಿಯ ಹಾಲು ಎಂದೇ ಅರ್ಥ. ತಾಯಿಯ ಹಾಲನ್ನು ಈ ಕೆಲಸಕ್ಕೆ ಬಳಸಿಲ್ಲ.

ಹಂತ 1. ವಾಟರ್ ಬಾತ್ (ಜೂನ್ 8ರಿಂದ 16)

ಕಾಲೇಜಿನ ವಾಟರ್ ಬಾತ್ ಕೆಟ್ಟು ಒಂದು ವರ್ಷವಾಗಿತ್ತು. ಮೀನು ಸಾಗಿಸುವ ಥರ್ಮೊಕೋಲ್ ಪೆಟ್ಟಿಗೆಯೊಂದನ್ನು 80 ರೂಪಾಯಿಗೆ ತಂದು, ಒಳಗೆ 12 ಲೀಟರ್ ಹಿಡಿಯುವ ಸ್ಟೀಲ್ ಡಬ್ಬರಿ ಇಟ್ಟೆ. ತಾಪ ನಿಯಂತ್ರಣಕ್ಕೆ ಎಸ್‌ಟಿಸಿ-1000 ಮಾಡ್ಯೂಲ್ 640 ರೂಪಾಯಿ, ನೀರು ತಿರುಗುತ್ತಿರಲೆಂದು ಅಕ್ವೇರಿಯಂ ಪಂಪ್ 260 ರೂಪಾಯಿ, ಕಾಯಿಸಲು 100 ವ್ಯಾಟ್‌ನ ಅಕ್ವೇರಿಯಂ ಹೀಟರ್ 380 ರೂಪಾಯಿ ಆಯಿತು.

ಮೊದಲ ತಪ್ಪು ಆ ಹೀಟರ್. ಮೂರು ಗಂಟೆ ಕಾದರೂ ನೀರು 34 ಡಿಗ್ರಿ ದಾಟಲಿಲ್ಲ. ಮಾಡ್ಯೂಲ್ ಕೆಟ್ಟಿದೆಯೆಂದು ತಿಳಿದು ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಹೀಟರಿನ ಪೊಟ್ಟಣ ಓದಿದೆ. ಮೀನುಗಳು ಬೇಯಬಾರದೆಂದು ಅದರೊಳಗೇ 34 ಡಿಗ್ರಿಗೆ ಕಡಿತವಾಗುವ ಥರ್ಮೊಸ್ಟಾಟ್ ಇದೆ. ಅದನ್ನು ಬದಿಗಿಟ್ಟು 220 ರೂಪಾಯಿಯ ಚಿಕ್ಕ ಇಮ್ಮರ್ಷನ್ ಕಾಯಿಲ್ ಹಾಕಿದಾಗ ತದ್ವಿರುದ್ಧ ತೊಂದರೆ ಬಂದು ನೀರು 41ರವರೆಗೆ ಏರಿ ನಿಂತಿತು. ಮಾಡ್ಯೂಲ್‌ನ ಏರಿಳಿತದ ಅಂತರವನ್ನು 0.3 ಡಿಗ್ರಿಗೆ ಇಳಿಸಿ, ಸಂವೇದಕವನ್ನು ಕಾಯಿಲ್‌ನ ಹತ್ತಿರಕ್ಕೆ ಸರಿಸಿದ ಮೇಲೆ 36.6 ಮತ್ತು 37.5ರ ನಡುವೆ ನಿಂತಿತು, ನನಗೆ ಅಷ್ಟು ಸಾಕು. ಒಂದೇ ತಿಂಗಳಲ್ಲಿ ಕಾಯಿಲ್ ಮೇಲೆ ಸುಣ್ಣದಂಥ ಬಿಳಿಯ ಪದರ ಕಟ್ಟಿತು. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು ಕುಡಿಯುವ ಊರಿನಲ್ಲಿ ಅದು ಹೊಸದೇನಲ್ಲವಾದ್ದರಿಂದ ವಿನೆಗರ್ ಹಾಕಿ ಉಜ್ಜಿ ಸುಮ್ಮನಾದೆ. ಅದೇ ನೀರು ಮುಂದೆ ನನ್ನನ್ನು ಹೇಗೆ ಏಮಾರಿಸಲಿತ್ತು ಎಂಬುದು ಆಗ ಹೊಳೆಯಲಿಲ್ಲ.

ಹಂತ 2. ಜೆಲ್ ಪೆಟ್ಟಿಗೆ (ಜೂನ್ 17ರಿಂದ 30)

ಡಿಎನ್‌ಎ ತುಂಡಾಯಿತೋ ಇಲ್ಲವೋ ಎಂದು ಕಣ್ಣಿಗೆ ಕಾಣಿಸಲು ಜೆಲ್ ಬೇಕು. ವಿದ್ಯುತ್ ಹರಿಸಿದಾಗ ಜೆಲ್‌ನ ಗುಳಿಯಿಂದ ಹೊರಟ ಉದ್ದನೆಯ ಡಿಎನ್‌ಎ ಮೇಲೆ ಒಂದು ಪಟ್ಟಿಯಾಗಿ ನಿಲ್ಲುತ್ತದೆ, ತುಂಡುಗಳು ಬಾಲದಂತೆ ಕೆಳಕ್ಕೆ ಜಾರುತ್ತವೆ. ಸ್ವೀಟ್ ಅಂಗಡಿಯ ಅರ್ಧ ಕೆ.ಜಿ.ಯ ಪ್ಲಾಸ್ಟಿಕ್ ಡಬ್ಬಿಯೇ ತೊಟ್ಟಿಯಾಯಿತು. ವಿದ್ಯುದ್ವಾರಗಳ ನಡುವಿನ ಅಂತರ 10 ಸೆಂ.ಮೀ. ಮೊದಲು ಸ್ಟೀಲ್ ತಂತಿ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಧನ ತುದಿಯ ತಂತಿ ಕರಗಿ ಬಫರ್ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಕಂದು ಹಸಿರಾಯಿತು. ಬಡಗಿಗಳು ಬಳಸುವ ದಪ್ಪ ಪೆನ್ಸಿಲ್‌ಗಳನ್ನು ಸೀಳಿ ತೆಗೆದ ಗ್ರಾಫೈಟ್ ಕಡ್ಡಿಗಳನ್ನು ಹಾಕಿದ ಮೇಲೆ ಆ ತೊಂದರೆ ನಿಂತಿತು.

ವಿದ್ಯುತ್ತಿಗೆ 19 ವೋಲ್ಟ್‌ನ ಎರಡು ಹಳೆಯ ಲ್ಯಾಪ್‌ಟಾಪ್ ಚಾರ್ಜರ್‌ಗಳನ್ನು ಸರಣಿಯಲ್ಲಿ ಜೋಡಿಸಿದೆ. ಜೋಡಿಸಿದ ಕೂಡಲೇ ಒಂದು ಸತ್ತುಹೋಯಿತು. ಮೂರು ಪಿನ್ನಿನ ಕೆಲವು ಚಾರ್ಜರ್‌ಗಳಲ್ಲಿ ಹೊರಬರುವ ಋಣ ತುದಿಯನ್ನು ಅರ್ಥಿಂಗ್‌ಗೆ ಸೇರಿಸಿರುತ್ತಾರೆ. ಅಂಥ ಎರಡನ್ನು ಸರಣಿಯಲ್ಲಿ ಇಟ್ಟರೆ ಒಂದು ನೇರವಾಗಿ ಶಾರ್ಟ್ ಆಗುತ್ತದೆ. ಗುಜರಿಯಿಂದ ಎರಡು ಪಿನ್ನಿನ ಚಾರ್ಜರ್‌ಗಳನ್ನು ತಲಾ 150 ರೂಪಾಯಿಗೆ ತಂದೆ. ಒಟ್ಟು 38 ವೋಲ್ಟ್‌ನಲ್ಲಿ ಒಂದು ಓಟಕ್ಕೆ ತೊಂಬತ್ತು ನಿಮಿಷ ಬೇಕಾಗುತ್ತದೆ. ಮುಚ್ಚಳ ತೆಗೆದರೆ ವಿದ್ಯುತ್ ಕಡಿದುಹೋಗುವಂತೆ ಮುಚ್ಚಳದಲ್ಲೇ ಸಂಪರ್ಕ ಕೊಟ್ಟಿದ್ದೇನೆ. ಮನೆಯಲ್ಲಿ ಮಗುವಿರುವಾಗ ಆ ಒಂದು ವಿಷಯದಲ್ಲಿ ಸೋಮಾರಿತನ ಮಾಡಲಿಲ್ಲ.

ಜೆಲ್ ಕಟ್ಟುವ ಅಗರೋಸ್ ಪುಡಿ ದುಬಾರಿಯೆಂದು ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಬಳಸಿ ನೋಡಿದ್ದು ವ್ಯರ್ಥವಾಯಿತು. ಪಟ್ಟಿ ಕಟ್ಟಬೇಕಾದ ಡಿಎನ್‌ಎ ಹೊಗೆಯಂತೆ ಚದುರಿತು. ಕಾಲೇಜಿನ ದಾಸ್ತಾನಿನಿಂದ ಅನುಮತಿ ಪಡೆದು ಅಗರೋಸನ್ನೇ ತಂದು, 60 ಮಿ.ಲೀ. ಜೆಲ್‌ಗೆ 0.6 ಗ್ರಾಂನಂತೆ ಬಳಸಿದೆ. ನೀಲಿ ಎಲ್‌ಇಡಿ ಪಟ್ಟಿ, ಮೇಲೆ ಕಿತ್ತಳೆ ಬಣ್ಣದ ಅಕ್ರಿಲಿಕ್ ಹಾಳೆ, ಹಸಿರಾಗಿ ಹೊಳೆಯುವ ಡಿಎನ್‌ಎ ಬಣ್ಣ: ಇಷ್ಟರಲ್ಲಿ ಮೊಬೈಲ್ ಕ್ಯಾಮೆರಾಗೆ ಚಿತ್ರ ಸಿಗುತ್ತದೆ.

ಡಿಎನ್‌ಎಯನ್ನು ಮಟನ್ ಅಂಗಡಿಯಿಂದ 40 ರೂಪಾಯಿಗೆ ತಂದ ಆಡಿನ ಗುಲ್ಮದಿಂದ ತೆಗೆದೆವು. 20 ಗ್ರಾಂ ಗುಲ್ಮವನ್ನು ತಣ್ಣಗಿನ ಸಲೈನ್ ಸಿಟ್ರೇಟ್‌ನಲ್ಲಿ ಅರೆದು, ಎಸ್‌ಡಿಎಸ್ (ಸೋಪಿನಂಥ ಮಾರ್ಜಕ) ಮತ್ತು ಉಪ್ಪು ಹಾಕಿ, ಶೋಧಿಸಿ, ಫ್ರೀಜರಿನಲ್ಲಿಟ್ಟ ಎಥನಾಲನ್ನು ಪ್ರನಾಳದ ಗೋಡೆಗುಂಟ ಇಳಿಸಿದಾಗ, ಎರಡು ದ್ರವಗಳ ನಡುವೆ ಹತ್ತಿಯಂಥ ಎಳೆಗಳು ಎದ್ದು ಗಾಜಿನ ಕಡ್ಡಿಗೆ ಸುತ್ತಿಕೊಂಡವು. ಬಿ.ಎಸ್ಸಿ. ಪ್ರಾಯೋಗಿಕ ತರಗತಿಯಲ್ಲಿ ಇದನ್ನು ಪ್ರತಿವರ್ಷ ಮಾಡಿಸುತ್ತೇನೆ, ಆದರೂ ಆ ಎಳೆ ಕಡ್ಡಿಗೆ ಅಂಟುವ ಕ್ಷಣದಲ್ಲಿ ಮಾತು ನಿಲ್ಲಿಸಿ ನೋಡುವ ಅಭ್ಯಾಸ ನನಗಿನ್ನೂ ಹೋಗಿಲ್ಲ.

ಹಂತ 3. ಮೊದಲ ಜಠರ, ಮೊದಲ ಸುಳ್ಳು (ಜುಲೈ 6ರಿಂದ 14)

ಪೆಪ್ಸಿನ್ ತಂದಾಗ ಪೊಟ್ಟಣದ ಮೇಲೆ ಅದರ ಬಲವನ್ನು 1:3000 ಎಂದು ಬರೆದಿತ್ತು. ನಾನು ಅದನ್ನು ಮಿಲಿಗ್ರಾಂಗೆ 3000 ಯೂನಿಟ್ ಎಂದು ಓದಿಕೊಂಡೆ. ಇದು ಶುದ್ಧ ಅಜ್ಞಾನ. ಆ ಅನುಪಾತದ ಅರ್ಥ, ಒಂದು ಗ್ರಾಂ ಪುಡಿ ತನ್ನ 3000 ಪಟ್ಟು ತೂಕದಷ್ಟು ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಕರಗಿಸುತ್ತದೆ ಎಂಬುದು. ಜೀರ್ಣಕ್ರಿಯೆಯ ಮಾದರಿಗಳಲ್ಲಿ ಹೇಳುವ ಯೂನಿಟ್ ಬೇರೆ, ಅದನ್ನು ಹೀಮೊಗ್ಲೋಬಿನ್ ಕರಗಿಸಿ ಅಳೆಯುತ್ತಾರೆ. ಒಂದು ವಾರ ಕಳೆದ ಮೇಲೆ ಕಾಲೇಜಿನ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ (ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಯಂತ್ರ) ಹೀಮೊಗ್ಲೋಬಿನ್ ಪರೀಕ್ಷೆ ಮಾಡಿದಾಗ ನನ್ನ ಪುಡಿಯ ಬಲ ಮಿಲಿಗ್ರಾಂಗೆ ಸುಮಾರು 410 ಯೂನಿಟ್ ಎಂದು ಬಂತು. ಅಂದರೆ ಅಲ್ಲಿಯವರೆಗಿನ ಎಲ್ಲ ಪ್ರನಾಳಗಳಲ್ಲೂ ಇರಬೇಕಾದ ಕಿಣ್ವದ ಏಳನೆಯ ಒಂದು ಭಾಗ ಮಾತ್ರ ಇತ್ತು.

ಅಳತೆಗಳಿಗೆ ಆಧಾರವಾಗಿ, ತುಂಬು ತಿಂಗಳಲ್ಲಿ ಹುಟ್ಟಿದ 28 ದಿನಗಳ ಮಗುವಿಗಾಗಿ 2018ರಲ್ಲಿ ಪ್ರಕಟವಾದ, ಹಂತದುದ್ದಕ್ಕೂ ಪಿಎಚ್ ಬದಲಿಸದ ಸ್ಥಿರ ಮಾದರಿಯನ್ನು ಹಿಡಿದೆ. ಅದರಲ್ಲಿ ಜಠರದ ಹಂತ ಪಿಎಚ್ 5.3ರಲ್ಲಿ ಒಂದು ಗಂಟೆ, ಪೆಪ್ಸಿನ್ ಮಿ.ಲೀ.ಗೆ 268 ಯೂನಿಟ್. ಕರುಳಿನ ಹಂತ ಪಿಎಚ್ 6.6ರಲ್ಲಿ ಒಂದು ಗಂಟೆ. ವಯಸ್ಕರ ಮಾದರಿಯಲ್ಲಿ ಜಠರಕ್ಕೆ ಪಿಎಚ್ 3, ಪೆಪ್ಸಿನ್ ಮಿ.ಲೀ.ಗೆ 2000 ಯೂನಿಟ್, ಸಮಯ ಎರಡು ಗಂಟೆ. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿದ್ದೆ. ಮಗುವಿನ ಜಠರ ವಯಸ್ಕರ ಜಠರದ ಚಿಕ್ಕ ಪಾತ್ರೆಯಲ್ಲ, ಬೇರೆಯೇ ರಸಾಯನ ನಡೆಯುವ ಜಾಗ ಎಂಬುದು ಆ ಅಂಕಿಗಳಲ್ಲೇ ಇದೆ. ಪ್ರನಾಳಕ್ಕೆ ಹಾಲು 6.3 ಮಿ.ಲೀ., ಜಠರರಸದ ದ್ರಾವಣ 3.7 ಮಿ.ಲೀ. ಹಾಕಿದರೆ ಒಟ್ಟು 10. ಅದಕ್ಕೆ ಬೇಕಾದ 2680 ಯೂನಿಟ್ ಪೆಪ್ಸಿನ್ ಎಂದರೆ ನನ್ನ ಪುಡಿಯಲ್ಲಿ 6.5 ಮಿಲಿಗ್ರಾಂ. ಹಾಲಿಗೆ ಮಿ.ಲೀ.ಗೆ 0.2 ಮಿಲಿಗ್ರಾಂನಂತೆ ಗುಲ್ಮದ ಡಿಎನ್‌ಎ ಬೆರೆಸಿದೆ. ನಿಜವಾದ ಹಾಲಿನಲ್ಲಿ ಇರುವುದಕ್ಕಿಂತ ಇದು ಬಹಳ ಹೆಚ್ಚು. ಅಷ್ಟಿಲ್ಲದಿದ್ದರೆ ನನ್ನ ಜೆಲ್ ಪೆಟ್ಟಿಗೆಗೆ ಕಾಣುವುದಿಲ್ಲ.

ಜುಲೈ 14ರಂದು ಡೇರಿ ಹಾಲಿನಲ್ಲಿ, ಹೋಲಿಕೆಗಾಗಿ ಪಿಎಚ್ 5.3, 4.5 ಮತ್ತು 3 ಎಂದು ಮೂರು ಸಾಲು ಪ್ರನಾಳಗಳನ್ನು ಇಟ್ಟೆ. ಒಂದು ಗಂಟೆಯ ಬಳಿಕ ಮೇಲಿನ ತಿಳಿಯನ್ನು ಜೆಲ್‌ಗೆ ಹಾಕಿದಾಗ 4.5ರ ಸಾಲಿನಲ್ಲಿ ಡಿಎನ್‌ಎ ಇರಲೇ ಇಲ್ಲ. 5.3ರಲ್ಲಿಯೂ ಮಸುಕಾಗಿತ್ತು. ವಿದ್ಯಾರ್ಥಿನಿಯರು ಕುಣಿದಾಡಿದರು, ನಾನೂ ರಾತ್ರಿಯೆಲ್ಲ ಉಬ್ಬಿದ್ದೆ.

ಬೆಳಿಗ್ಗೆ ಪೆಪ್ಸಿನ್ ಹಾಕದ ಹೋಲಿಕೆ ಪ್ರನಾಳದ ಚಿತ್ರ ನೋಡಿದೆ. ಅದರಲ್ಲೂ 4.5ರಲ್ಲಿ ಡಿಎನ್‌ಎ ಇರಲಿಲ್ಲ. ಕಿಣ್ವವಿಲ್ಲದೆ ಮಾಯವಾಗಿದ್ದರೆ ಅದು ಜೀರ್ಣವಾದದ್ದಲ್ಲ, ಎಲ್ಲೋ ಹೋಗಿದೆ. ಹೋಗಿದ್ದು ಪ್ರನಾಳದ ತಳಕ್ಕೆ. ಡೇರಿ ಹಾಲಿನ ಕೇಸಿನ್ ಎಂಬ ಪ್ರೋಟೀನ್ ಪಿಎಚ್ 4.6ರ ಹತ್ತಿರ ಗಟ್ಟಿಯಾಗಿ ಇಳಿಯುತ್ತದೆ, ಪೆಪ್ಸಿನ್ ಇದ್ದರೆ 5.3ರಲ್ಲಿಯೂ ಗಿಣ್ಣಿನಂತೆ ಕಟ್ಟಿಕೊಳ್ಳುತ್ತದೆ. ಆ ಮೊಸರಿನ ಬಲೆಯೊಳಗೆ ಡಿಎನ್‌ಎ ಸಿಕ್ಕಿಕೊಂಡಿತ್ತು. ತಳದ ಗಡ್ಡೆಯನ್ನು ಸ್ವಲ್ಪ ಎಸ್‌ಡಿಎಸ್ ಬೆರೆಸಿದ, ಪಿಎಚ್ 8ರ ಟ್ರಿಸ್ ಬಫರಿನಲ್ಲಿ ಕರಗಿಸಿ ಮತ್ತೆ ಓಡಿಸಿದಾಗ, ಮಾಯವಾಗಿದ್ದ ಪಟ್ಟಿ ಒಂದು ಚೂರೂ ಸವೆಯದೆ ತಿರುಗಿ ಬಂತು. ಅಂದಿನಿಂದ ತಿಳಿಯನ್ನು ಮಾತ್ರ ತೆಗೆದುಕೊಳ್ಳುವುದನ್ನು ಬಿಟ್ಟು, ಇಡೀ ಪ್ರನಾಳವನ್ನೇ ಪಿಎಚ್ 8ಕ್ಕೆ ಏರಿಸಿ ಕರಗಿಸಿ ನಂತರ ಮಾದರಿ ತೆಗೆಯುತ್ತೇನೆ. ಪೆಪ್ಸಿನ್ ಕೂಡ ಅಲ್ಲಿ ನಿಷ್ಕ್ರಿಯವಾಗುವುದರಿಂದ ಕ್ರಿಯೆ ನಿಲ್ಲಿಸುವ ಕೆಲಸವೂ ಅದರಲ್ಲೇ ಮುಗಿಯುತ್ತದೆ.

ಪಿಎಚ್ 3ರ ಪ್ರನಾಳಗಳದು ಇನ್ನೊಂದು ಕಥೆ. ಜೆಲ್‌ಗೆ ಹಾಕುವ ಮುನ್ನ ಬೆರೆಸುವ ನೀಲಿ ಬಣ್ಣ ಆ ಮಾದರಿಗಳಲ್ಲಿ ಹಳದಿಯಾಯಿತು. ಬ್ರೋಮೋಫಿನಾಲ್ ಬ್ಲೂ ಆಮ್ಲದಲ್ಲಿ ಹಳದಿ ತಿರುಗುತ್ತದೆಂದು ಗೊತ್ತಿದ್ದೂ, ಅದು ನನಗೆ ಕೊಟ್ಟ ಎಚ್ಚರಿಕೆಯನ್ನು ಓದಿಕೊಳ್ಳದೆ ಹಾಗೆಯೇ ಗುಳಿಗೆ ಸುರಿದೆ. ಡಿಎನ್‌ಎ ಪ್ರೋಟೀನಿನ ಜೊತೆ ಅಂಟಿಕೊಂಡು ಗುಳಿಯಿಂದ ಹೊರಗೆ ಬರಲೇ ಇಲ್ಲ.

ಹಂತ 4. ನೀರು (ಜುಲೈ 20ರಿಂದ ಆಗಸ್ಟ್ 4)

ಕರುಳಿನ ಹಂತಕ್ಕೆ ಪ್ಯಾಂಕ್ರಿಯಾಟಿನ್ ಪುಡಿ ಬೇಕು. ಮೇದೋಜೀರಕ ಗ್ರಂಥಿಯ ಈ ಒಣಪುಡಿಯಲ್ಲಿ ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಜೊತೆಗೆ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್, ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಎರಡೂ ಇರುತ್ತವೆ. ಡಿಎನ್‌ಏಸ್‌ಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಕು. ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಹಾಕಿದರೆ ಅವು ಕೈಗೆ ಸಿಗದಂತಾಗಿ ಕಿಣ್ವ ನಿಲ್ಲುತ್ತದೆ. 0, 2, 5, 15, 30, 60 ನಿಮಿಷಗಳಿಗೆ ಮಾದರಿ ತೆಗೆದು, ಪ್ರತಿಯೊಂದಕ್ಕೂ ಅಂತಿಮವಾಗಿ 2 ಮಿಲಿಮೋಲಾರ್ ಸಾಂದ್ರತೆ ಆಗುವಷ್ಟು ಇಡಿಟಿಎ ಹಾಕಿ ಸ್ಟ್ಯಾಂಡಿನಲ್ಲಿ ಇಟ್ಟು, ಎಲ್ಲ ಮುಗಿದ ಮೇಲೆ ಒಟ್ಟಿಗೆ ಜೆಲ್‌ಗೆ ಹಾಕಿದೆ. ಎಲ್ಲವೂ ಒಂದೇ ರೀತಿ ಖಾಲಿಯಾಗಿ ಬಂದವು. ಸೊನ್ನೆ ನಿಮಿಷದ ಮಾದರಿಯಲ್ಲೂ ಡಿಎನ್‌ಎ ಇರಲಿಲ್ಲ.

ಎರಡು ಭಾನುವಾರಗಳು ಇದಕ್ಕೇ ಹೋದವು. ಕಿಣ್ವ ಹೆಚ್ಚಾಯಿತೆಂದು ಹತ್ತರಲ್ಲಿ ಒಂದಕ್ಕೆ ಇಳಿಸಿದೆ, ಮಂಜುಗಡ್ಡೆಯಲ್ಲಿ ಇಟ್ಟೆ, ಹೊಸ ಇಡಿಟಿಎ ಕರಗಿಸಿದೆ. ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು, 'ಮೇಡಂ, ಬಫರ್ ಯಾವ ನೀರಿನಲ್ಲಿ ಮಾಡಿದಿರಿ?' ಕಾಲೇಜಿನ ಡಿಸ್ಟಿಲ್ಡ್ ವಾಟರ್ ಮುಗಿದಿತ್ತು. 'ಇದು ಒರಟು ಪ್ರಯೋಗವಷ್ಟೇ' ಎಂದು ಹೇಳಿ ನಾನು ನಲ್ಲಿಯ ನೀರಿನಲ್ಲೇ ಉಪ್ಪುಗಳನ್ನು ಕರಗಿಸಿದ್ದೆ. ಅಂದೇ ಸಂಜೆ ಆ ನೀರಿನ ಗಡಸುತನವನ್ನು ಇಡಿಟಿಎ ಟೈಟ್ರೇಷನ್‌ನಿಂದಲೇ ಅಳೆದೆವು. ಲೀಟರಿಗೆ 480 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ, ಅಂದರೆ ಕ್ಯಾಲ್ಸಿಯಂ ಮೆಗ್ನೀಷಿಯಂ ಸೇರಿ 4.8 ಮಿಲಿಮೋಲಾರ್. ಡಿಎನ್‌ಏಸ್ ಬಫರಿಗೆ ಬೇಕೆಂದೇ ಹಾಕುವುದಕ್ಕಿಂತ ಹೆಚ್ಚು ಲೋಹ ನಮ್ಮ ನಲ್ಲಿಯಲ್ಲೇ ಬರುತ್ತಿತ್ತು. ಎರಡು ಮಿಲಿಮೋಲಾರ್ ಇಡಿಟಿಎ ಅದರಲ್ಲಿ ಎರಡನ್ನು ಹಿಡಿದು, ಮಿಕ್ಕ 2.8ನ್ನು ಕಿಣ್ವಕ್ಕೇ ಬಿಟ್ಟಿತ್ತು. ನಾನು ನಿಲ್ಲಿಸಿದೆನೆಂದುಕೊಂಡ ಪ್ರನಾಳಗಳು ಸ್ಟ್ಯಾಂಡಿನಲ್ಲಿ ಕೂತು ಒಂದು ಗಂಟೆ ಕೆಲಸ ಮುಂದುವರಿಸಿದ್ದವು. ಗಡಸು ನೀರು ಅಳೆಯಲು ಇಡಿಟಿಎ ಬಳಸುವುದನ್ನು ಹದಿನೈದು ವರ್ಷದಿಂದ ಪಾಠ ಮಾಡುತ್ತಿರುವವಳಿಗೆ, ಅದೇ ಇಡಿಟಿಎಯನ್ನು ಗಡಸು ನೀರು ನುಂಗಿಹಾಕುತ್ತದೆಂಬುದು ಹೊಳೆಯಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ.

ಆಟೋ ಬಿಡಿಭಾಗಗಳ ಅಂಗಡಿಯಿಂದ ಐದು ಲೀಟರ್ ಬ್ಯಾಟರಿ ನೀರು 120 ರೂಪಾಯಿಗೆ ಬಂತು. ಹಾಲಿನಲ್ಲೇ ಸಾಕಷ್ಟು ಕ್ಯಾಲ್ಸಿಯಂ ಇರುವುದರಿಂದ ಇಡಿಟಿಎ ಪ್ರಮಾಣವನ್ನು 50 ಮಿಲಿಮೋಲಾರ್‌ಗೆ ಏರಿಸಿದೆ. ಆಗಸ್ಟ್ 4ರ ಜೆಲ್‌ನಲ್ಲಿ ಮೊದಲ ಬಾರಿ ಮೆಟ್ಟಿಲು ಕಂಡಿತು. ಸೊನ್ನೆ ನಿಮಿಷದಲ್ಲಿ ಗಟ್ಟಿ ಪಟ್ಟಿ, ಎರಡರಲ್ಲಿ ಉದ್ದ ಬಾಲ, ಐದರಲ್ಲಿ ಬಾಲ ಕೆಳಕ್ಕೆ ಜಾರಿದ್ದು, ಹದಿನೈದರಲ್ಲಿ ತಳದ ಹತ್ತಿರ ಮಸುಕು ಮೋಡ, ಮೂವತ್ತರಲ್ಲಿ ಏನೂ ಇಲ್ಲ.

ಹಂತ 5. ಆರ್‌ಎನ್‌ಎ ಪ್ರಯತ್ನ, ಮತ್ತು ಅದನ್ನು ಅರ್ಧಕ್ಕೆ ಬಿಟ್ಟದ್ದು (ಆಗಸ್ಟ್ 10ರಿಂದ 18)

ಇಡಿಟಿಎ ಕೆಲಸ ಮಾಡಿದ ಉತ್ಸಾಹದಲ್ಲಿ ಆರ್‌ಎನ್‌ಎಗೂ ಅದೇ ವಿಧಾನ ಹಿಡಿದು ಕೆಟ್ಟೆ. ಆರ್‌ಎನ್‌ಏಸ್‌ಗೆ ಲೋಹ ಬೇಡ, ಇಡಿಟಿಎಗೆ ಅದು ಜಗ್ಗುವುದಿಲ್ಲ. ಕುದಿಸಿ ಕೊಲ್ಲೋಣವೆಂದರೆ, ಕುದಿಸಿ ತಣ್ಣಗಾದ ಮೇಲೆ ಮತ್ತೆ ಮಡಚಿಕೊಂಡು ಕೆಲಸಕ್ಕೆ ಏಳುವ ಕಿಣ್ವ ಅದು. ಕಿಣ್ವವೇ ಹಾಕದ ಹೋಲಿಕೆ ಪ್ರನಾಳದಲ್ಲೂ ಆರ್‌ಎನ್‌ಎ ಕರಗಿಹೋಗುತ್ತಿದ್ದುದಕ್ಕೆ ಕಾರಣ ಹುಡುಕಿದಾಗ, ಪ್ಯಾಂಕ್ರಿಯಾಟಿನ್ ಹೀರಿದ ಪಿಪೆಟ್ಟನ್ನೇ ತೊಳೆದು ಎಲ್ಲಕ್ಕೂ ಬಳಸುತ್ತಿದ್ದೆನೆಂದು ತಿಳಿಯಿತು. ತೊಳೆದರೆ ಹೋಗುವಂಥದ್ದಲ್ಲ ಅದು. ಗಾಜಿನ ಸಾಮಾನನ್ನೆಲ್ಲ ಅಡುಗೆಮನೆಯ ಓವನ್‌ನಲ್ಲಿ 180 ಡಿಗ್ರಿಯಲ್ಲಿ ಐದು ಗಂಟೆ ಸುಟ್ಟು, ಕೈಗವಸು ಹಾಕಿ, ಪ್ಯಾಂಕ್ರಿಯಾಟಿನ್‌ಗೆ ಪ್ರತ್ಯೇಕ ಕೆಂಪು ಪಟ್ಟಿಯ ಪಿಪೆಟ್ ಇಟ್ಟ ಮೇಲೆ ಹೋಲಿಕೆ ಪ್ರನಾಳ ನಿಂತಿತು. ಕ್ರಿಯೆ ನಿಲ್ಲಿಸಲು ಆಮ್ಲ ಬೆರೆಸಿದ ತಣ್ಣನೆಯ ಆಲ್ಕೊಹಾಲ್ ಹಿಡಿಸಿತು. ಉದ್ದನೆಯ ಆರ್‌ಎನ್‌ಎ ಕೆಳಗಿಳಿಯುತ್ತದೆ, ಕತ್ತರಿಸಿದ ಚೂರುಗಳು ಮೇಲೆ ಉಳಿಯುತ್ತವೆ, ಅವನ್ನು 260 ನ್ಯಾನೊಮೀಟರ್ ತರಂಗದ ಬೆಳಕಿನಲ್ಲಿ ಅಳೆಯಬಹುದು. ಹಾಲಿಲ್ಲದ ಬಫರಿನಲ್ಲಿ ಐದು ನಿಮಿಷದೊಳಗೆ ಓದು ಏರಿ ಸಮತಟ್ಟಾಯಿತು. ಕರುಳಿನ ಹಂತದಲ್ಲಿ ಆರ್‌ಎನ್‌ಎ ಡಿಎನ್‌ಎಗಿಂತ ಬೇಗ ಮುಗಿಯುತ್ತದೆ ಎನ್ನಲು ಅಷ್ಟು ಸಾಕಾಯಿತು.

ಹಾಲಿನಲ್ಲಿ ಇದೇ ಅಳತೆ ಮಾಡಲು ಆರ್ಸಿನಾಲ್ ಪರೀಕ್ಷೆಗೆ ಹೋದದ್ದು ಹುಂಬತನ. ಆರ್‌ಎನ್‌ಎಯ ಸಕ್ಕರೆಗೆ ಹಸಿರು ಬರಬೇಕಾದಲ್ಲಿ ಹಾಲಿನ ಲ್ಯಾಕ್ಟೋಸ್‌ಗೇ ಪ್ರನಾಳ ಕಷಾಯದ ಬಣ್ಣಕ್ಕೆ ತಿರುಗಿತು. ಅಲ್ಲದೆ, ಅಂಗಡಿಯಲ್ಲಿ ಸಿಗುವ ಯೀಸ್ಟ್ ಆರ್‌ಎನ್‌ಎ ಮೊದಲೇ ತುಂಡುತುಂಡಾಗಿರುತ್ತದೆ. ಜಠರದ ಹಂತದ ಆರ್‌ಎನ್‌ಎ ಫಲಿತಾಂಶವನ್ನು ಹಾಗಾಗಿ ಕೈಬಿಟ್ಟಿದ್ದೇನೆ.

ಹಂತ 6. ಹನಿ ಹನಿ ಹುಳಿ (ಆಗಸ್ಟ್ 24ರಿಂದ ಸೆಪ್ಟೆಂಬರ್ 8)

ಸರಿಪಡಿಸಿದ ವಿಧಾನದಲ್ಲಿ ಸ್ಥಿರ ಪಿಎಚ್‌ನ ಪ್ರಯೋಗವನ್ನು ಪುಡಿಹಾಲಿನಲ್ಲಿ ಮತ್ತೆ ಮಾಡಿದಾಗ, 5.3ರಲ್ಲಿ ಒಂದು ಗಂಟೆಯ ಬಳಿಕವೂ ಡಿಎನ್‌ಎ ಪಟ್ಟಿ ಹೋಲಿಕೆ ಪ್ರನಾಳದ್ದಕ್ಕಿಂತ ಬೇರೆಯಾಗಿ ಕಾಣಲಿಲ್ಲ. 4ರಲ್ಲಿ ಅದೇ ಪೆಪ್ಸಿನ್, ಅದೇ ಒಂದು ಗಂಟೆ: ಪಟ್ಟಿಯ ಕೆಳಗೆ ಸ್ಪಷ್ಟವಾದ ಬಾಲ ಬಂತು. ಪೆಪ್ಸಿನ್ ಇಲ್ಲದ 4ರ ಪ್ರನಾಳದಲ್ಲಿ ಬಾಲವಿರಲಿಲ್ಲ, ಆದ್ದರಿಂದ ಇದು ಬರಿಯ ಆಮ್ಲದ ಕೆಲಸವಲ್ಲ. ಹಾಗಾದರೆ ಎಲ್ಲವೂ ನಿಂತಿರುವುದು ಜಠರ ಯಾವಾಗ 4ಕ್ಕೆ ಇಳಿಯುತ್ತದೆ ಎಂಬುದರ ಮೇಲೆ. ಮಗುವಿನ ಜಠರ ಕುಡಿದ ಕೂಡಲೇ ಹಾಲಿನ ಪಿಎಚ್‌ನಲ್ಲೇ ಇರುತ್ತದೆ. ಬಳಿಕ ನಿಧಾನವಾಗಿ ಇಳಿಯುತ್ತ ಹೋಗುತ್ತದೆ, ಅದೇ ಹೊತ್ತಿನಲ್ಲಿ ಹಾಲು ಕರುಳಿಗೆ ಖಾಲಿಯಾಗುತ್ತಲೂ ಇರುತ್ತದೆ. ಒಂದೇ ಪಿಎಚ್‌ಗೆ ನಿಲ್ಲಿಸಿದ ಪ್ರನಾಳದಲ್ಲಿ ಈ ಎರಡರ ಪಂದ್ಯ ಕಾಣುವುದಿಲ್ಲ.

ಹುಳಿ ಹನಿಸಲು ಸಿರಿಂಜ್ ಪಂಪ್ ಕೊಳ್ಳುವ ಶಕ್ತಿ ಇರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಮಕ್ಕಳಿಗೆ ಬಳಸುವ ಮೈಕ್ರೋ ಡ್ರಿಪ್ ಸೆಟ್ ಸಿಗುತ್ತದೆ. ಅದರಲ್ಲಿ 60 ಹನಿಗೆ ಒಂದು ಮಿ.ಲೀ. ಬೆಲೆ 90 ರೂಪಾಯಿ. 0.1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದ ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಚಕ್ರವನ್ನು ಬೆರಳಲ್ಲಿ ಸವರುತ್ತ ನಿಮಿಷಕ್ಕೆ ನಾಲ್ಕೈದು ಹನಿಗೆ ಹೊಂದಿಸಿದೆ. ಬೀಕರಿನಲ್ಲಿ 60 ಮಿ.ಲೀ. ಪುಡಿಹಾಲು, ಅದರೊಳಗೆ ಪಿಎಚ್ ಮೀಟರಿನ ಕಡ್ಡಿ, ನಿಧಾನವಾಗಿ ತಿರುಗುವ 10 ಆರ್‌ಪಿಎಂ ಗೇರ್ ಮೋಟರಿಗೆ ಕಟ್ಟಿದ ಐಸ್‌ಕ್ರೀಂ ಕಡ್ಡಿ. ಗುರಿ ಹೀಗೆ: 6.6ರಿಂದ ಹೊರಟು ಹತ್ತು ನಿಮಿಷಕ್ಕೆ 0.15ರಂತೆ ಇಳಿದು ಮೂರು ಗಂಟೆಗೆ 3.9 ಮುಟ್ಟಬೇಕು. ಖಾಲಿಯಾಗುವುದಕ್ಕೆ, 75 ನಿಮಿಷಕ್ಕೆ ಅರ್ಧ ಎಂಬ ಲೆಕ್ಕ ಹಿಡಿದು, ಪ್ರತಿ 15 ನಿಮಿಷಕ್ಕೊಮ್ಮೆ ಬೀಕರಿನಲ್ಲಿ ಇರುವುದರ ಶೇ. 13ರಷ್ಟನ್ನು ಸಿರಿಂಜಿನಿಂದ ಹೊರತೆಗೆದು ಮಾದರಿಯಾಗಿ ಇಟ್ಟುಕೊಂಡೆ. ತಾಯಿಯ ಹಾಲು ಪುಡಿಹಾಲಿಗಿಂತ ಬೇಗ ಜಠರದಿಂದ ಖಾಲಿಯಾಗುತ್ತದೆ. ಇದು ಪುಡಿಹಾಲಿನ ಲೆಕ್ಕ.

ಮೊದಲ ಓಟ ಕರೆಂಟ್ ಹೋಗಿ ನಿಂತಿತು. ಎರಡನೆಯದರಲ್ಲಿ ಪಿಎಚ್ ಮೀಟರ್ 5.1ರಲ್ಲಿ ಅಂಟಿಕೊಂಡು, ನಾನು ಹುಳಿ ಹನಿಸುತ್ತಲೇ ಹೋಗಿ, ಕಾಗದ ಅದ್ದಿ ನೋಡಿದಾಗ 3ಕ್ಕಿಂತ ಕೆಳಗಿತ್ತು. ಹಾಲಿನ ಕೊಬ್ಬು ಕಡ್ಡಿಯ ತುದಿಗೆ ಮೆತ್ತಿಕೊಂಡಿತ್ತು. ಈಗ ಪ್ರತಿ ಅರ್ಧ ಗಂಟೆಗೆ ಕಡ್ಡಿಯನ್ನು ತೆಗೆದು ಸೋಪಿನ ನೀರಿನಲ್ಲಿ, ಬಳಿಕ ಬ್ಯಾಟರಿ ನೀರಿನಲ್ಲಿ ಅದ್ದಿ, ಪಿಎಚ್ 4ರ ಬಫರಿನಲ್ಲಿ ಪರೀಕ್ಷಿಸಿ ಮತ್ತೆ ಇಡುತ್ತೇನೆ. ಡೇರಿ ಹಾಲಿನಲ್ಲಿ ಒಮ್ಮೆ ಪ್ರಯತ್ನಿಸಿದಾಗ ಹುಳಿ ಹೆಚ್ಚುಕಡಿಮೆ ಎರಡರಷ್ಟು ಬೇಕಾಯಿತು, ಹನಿಗಳ ಲೆಕ್ಕ ತಪ್ಪಿತು, ಬಿಟ್ಟುಬಿಟ್ಟೆ.

ಸೆಪ್ಟೆಂಬರ್ 8ರಂದು ಮೂರು ಗಂಟೆಯ ಓಟ ಪೂರ್ತಿಯಾಯಿತು. ಹನ್ನೆರಡು ಮಾದರಿಗಳು, ಎರಡು ಜೆಲ್. ಮೊದಲ ಎರಡು ಗಂಟೆಯ ಎಂಟೂ ಮಾದರಿಗಳಲ್ಲಿ ಪಟ್ಟಿ ಆರಂಭದಲ್ಲಿ ಇದ್ದಂತೆಯೇ ಇತ್ತು. 150ನೇ ನಿಮಿಷದ ಮಾದರಿಯಲ್ಲಿ, ಪಿಎಚ್ 4.35ಕ್ಕೆ ಇಳಿದಿದ್ದಾಗ, ಪಟ್ಟಿಯ ಕೆಳಗೆ ತೆಳುವಾದ ಬಾಲ ಮೊದಲ ಬಾರಿಗೆ ಕಂಡಿತು. 165 ಮತ್ತು 180ರಲ್ಲಿ ಅದು ಉದ್ದವಾಯಿತು. ಆದರೆ ನನ್ನ ಲೆಕ್ಕದಂತೆ 150ನೇ ನಿಮಿಷಕ್ಕೆ ಬೀಕರಿನಲ್ಲಿ ಉಳಿದದ್ದು ಕುಡಿಸಿದ ಹಾಲಿನ ಕಾಲು ಭಾಗ, 180ಕ್ಕೆ ಐದನೆಯ ಒಂದು ಭಾಗಕ್ಕೂ ಕಡಿಮೆ. ಮುಕ್ಕಾಲು ಪಾಲು ಹಾಲು ತನ್ನ ಡಿಎನ್‌ಎಯನ್ನು ಹಾಗೆಯೇ ಹೊತ್ತು ಕರುಳಿಗೆ ದಾಟಿ ಆಗಿತ್ತು. ಪೆಪ್ಸಿನ್‌ಗೆ ಡಿಎನ್‌ಎ ಕತ್ತರಿಸಲು ಬರುತ್ತದೆ ಎಂಬುದು ನನ್ನ ಬೀಕರಿನಲ್ಲೂ ನಿಜವಾಯಿತು. ಮಗುವಿನ ಜಠರದ ವೇಳಾಪಟ್ಟಿಯಲ್ಲಿ ಅದಕ್ಕೆ ಸಿಗುವ ಪಾಲು ಮಾತ್ರ ಪಾತ್ರೆಯ ತಳದ್ದು.

ಹೊರತೆಗೆದ 60ನೇ ನಿಮಿಷದ ಮಾದರಿಯನ್ನು ಪಿಎಚ್ 6.6ಕ್ಕೆ ತಂದು, ಮಿ.ಲೀ.ಗೆ 16 ಯೂನಿಟ್ ಟ್ರಿಪ್ಸಿನ್ ಬರುವಷ್ಟು ಪ್ಯಾಂಕ್ರಿಯಾಟಿನ್ ಹಾಕಿದಾಗ, ವಯಸ್ಕರ ಮಾದರಿಯ ಆರರಲ್ಲಿ ಒಂದು ಭಾಗದಷ್ಟೇ ಆದ ಈ ಪ್ರಮಾಣದಲ್ಲೂ ಪಟ್ಟಿ ಅರ್ಧ ಗಂಟೆಯಲ್ಲಿ ಪೂರ್ತಿ ಹೋಯಿತು. 180ನೇ ನಿಮಿಷದ್ದು ಸುಮಾರು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಜಠರದಲ್ಲಿ ಮೊದಲೇ ಸೀಳಿದ್ದರಿಂದ ಆದ ಲಾಭ ಅಷ್ಟು.

ಹಂತ 7. ರಂಜಕ (ಸೆಪ್ಟೆಂಬರ್ 14ರಿಂದ 29)

ಪ್ಯಾಂಕ್ರಿಯಾಟಿನ್ ಸರಪಳಿಯನ್ನು ಚೂರುಗಳವರೆಗೆ ತರುತ್ತದೆ, ಆದರೆ ಕರುಳಿನ ಗೋಡೆ ಹೀರುವುದು ಹೆಚ್ಚಾಗಿ ರಂಜಕ ಕಳಚಿದ ನ್ಯೂಕ್ಲಿಯೊಸೈಡ್‌ಗಳನ್ನು. ಆ ಕಳಚುವ ಕೆಲಸ ಕರುಳಿನ ಒಳಗೋಡೆಯ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ್ದು. ಆಡಿನ ಸಣ್ಣಕರುಳಿನ ಮೊದಲ ಒಂದು ಮೀಟರನ್ನು ಅಂಗಡಿಯವರು ಬಿಟ್ಟಿಯಾಗಿಯೇ ಕೊಟ್ಟರು. ಉದ್ದಕ್ಕೆ ಸೀಳಿ, ತಣ್ಣನೆಯ ಸಲೈನ್‌ನಲ್ಲಿ ಮೂರು ಸಲ ತೊಳೆದು, ಗಾಜಿನ ಸ್ಲೈಡಿನ ಅಂಚಿನಿಂದ ಒಳಪದರವನ್ನು ಗೀರಿದಾಗ ಗಂಜಿಯಂಥ ಬೂದು ಲೋಳೆ ಸಿಕ್ಕಿತು. ಅದನ್ನು ಟ್ರಿಸ್ ಬಫರಿನಲ್ಲಿ ಅರೆದು, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಉಳಿದ ಪೊರೆಗಳನ್ನು ಕೆಳಗಿಳಿಸಿ, ಮೇಲಿನ ಭಾಗವನ್ನು ಉಳಿಸಿಕೊಂಡೆ. ಫಾಸ್ಫಟೇಸ್ ಇದೆಯೇ ಎಂದು ನೋಡುವ ಹಳದಿ ಪರೀಕ್ಷೆಯಲ್ಲಿ ಒಂದೇ ನಿಮಿಷದಲ್ಲಿ ಅರಿಸಿನದ ಬಣ್ಣ ಬಂತು.

ಬಿಡುಗಡೆಯಾದ ರಂಜಕವನ್ನು ಮಾಲಿಬ್ಡೇಟ್ ನೀಲಿ ಬಣ್ಣದಿಂದ ಅಳೆಯಬೇಕು. ಮೊದಲ ದಿನ ಎಲ್ಲ ಪ್ರನಾಳಗಳೂ, ಖಾಲಿ ಪ್ರನಾಳ ಸಹಿತ, ಮಸಿಯಂತೆ ನೀಲಿಯಾದವು. ಎರಡು ದಿನ ಕಾರಕಗಳನ್ನು ಬೈದುಕೊಂಡ ಮೇಲೆ ಬಫರ್ ಬಾಟಲಿಯನ್ನು ತಿರುಗಿಸಿ ನೋಡಿದೆ. ನಾನು ಮಾದರಿಗಳನ್ನು ದುರ್ಬಲಗೊಳಿಸಿದ್ದು ಫಾಸ್ಫೇಟ್ ಬಫರಿನಲ್ಲಿ. ರಂಜಕದಲ್ಲೇ ಮುಳುಗಿಸಿ ರಂಜಕ ಹುಡುಕುತ್ತಿದ್ದೆ, ಸಾಲದೆಂಬಂತೆ ಆ ಫಾಸ್ಫೇಟೇ ಕಿಣ್ವವನ್ನೂ ತಡೆಯುತ್ತದೆ. ಹಾಲಿನಲ್ಲೂ ಫಾಸ್ಫೇಟ್ ಧಾರಾಳವಾಗಿರುವುದರಿಂದ ಈ ಕೊನೆಯ ಹಂತವನ್ನು ಹಾಲಿಲ್ಲದೆ, ಪ್ಯಾಂಕ್ರಿಯಾಟಿನ್‌ನಲ್ಲಿ ಕತ್ತರಿಸಿದ ಆರ್‌ಎನ್‌ಎಯ ಮೇಲೆ, ಟ್ರಿಸ್ ಬಫರಿನಲ್ಲೇ ಮಾಡಬೇಕಾಯಿತು. ಸೆಪ್ಟೆಂಬರ್ 29ರಂದು ಲೋಳೆ ಹಾಕದ ಪ್ರನಾಳ ಬಹುತೇಕ ಬಣ್ಣವಿಲ್ಲದೆ ಉಳಿಯಿತು, ಹಾಕಿದ್ದು ಹತ್ತು ನಿಮಿಷಕ್ಕೆ ತೆಳುನೀಲಿ, ನಲವತ್ತಕ್ಕೆ ಶಾಯಿಯ ನೀಲಿಯಾಯಿತು. ಕುದಿಸಿದ ಲೋಳೆ ಹಾಕಿದ ಪ್ರನಾಳವೂ ಬಿಳಿಯಾಗಿಯೇ ಇತ್ತು.

ಕಾಲೇಜಿನಿಂದ ಪಡೆದ ರಾಸಾಯನಿಕಗಳನ್ನು ಬಿಟ್ಟು, ಸತ್ತ ಚಾರ್ಜರ್ ಮತ್ತು ಉಪಯೋಗಕ್ಕೆ ಬಾರದ ಅಕ್ವೇರಿಯಂ ಹೀಟರ್ ಸೇರಿ ಕೈಯಿಂದ ಖರ್ಚಾದದ್ದು 7,460 ರೂಪಾಯಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ಕಿಣ್ವಗಳ ಪುಡಿಗೆ. ಕರುಳಿನ ಲೋಳೆಯ ಆರು ಪುಟ್ಟ ಡಬ್ಬಿಗಳು ಮನೆಯ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಹಿಂದೆ ಇವೆ. ಅಮ್ಮ ಅವುಗಳ ಮೇಲೆ ತಾವೇ ಕೈಬರಹದಲ್ಲಿ 'ಮುಟ್ಟಬೇಡಿ, ಕಾಲೇಜಿನದು' ಎಂದು ಚೀಟಿ ಅಂಟಿಸಿದ್ದಾರೆ. ದಸರಾ ರಜೆಯಲ್ಲಿ ಡ್ರಿಪ್‌ನ ಚಕ್ರವನ್ನು ಕೈಯಲ್ಲಿ ತಿರುಗಿಸುವುದರ ಬದಲು ಒಂದು ಚಿಕ್ಕ ಸರ್ವೋ ಮೋಟರಿಗೆ ಕಟ್ಟಿ, 75 ನಿಮಿಷದ ಬದಲು ತಾಯಿಯ ಹಾಲಿನಂತೆ ಇನ್ನೂ ಬೇಗ ಖಾಲಿಯಾಗುವ ಲೆಕ್ಕದಲ್ಲಿ ಅದೇ ಓಟವನ್ನು ಮತ್ತೆ ನಡೆಸಬೇಕಿದೆ.